ಬೋರ್ಡು ನಿಮ್ಮದೇ, ಭಾಷೆ ಯಾರದು?

ಹೆತ್ತೂರಿನ ಕಡೆಯ ಒಂದು ಮನೆ. ಹೊರಗೆ ಆಷಾಢದ ಮಳೆ. ಹತ್ತೊಂಬತ್ತರ ಹುಡುಗ ಜಗಲಿಯ ಮೂಲೆಯಲ್ಲಿ ಮುದುರಿ ಕೂತಿದ್ದಾನೆ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಆ ಮೂಲೆಯಲ್ಲಿ ಮಾತ್ರ. ಕೈಯಲ್ಲಿ ಫೋನು, ಕಿವಿಯಲ್ಲಿ ಇಯರ್‌ಫೋನು. ಒಳಗಿನಿಂದ ತಾಯಿ ಊಟಕ್ಕೆ ಕೂಗಿದರೆ "ಬಂದೆ ಅಮ್ಮಾ, ಐದ್ ನಿಮಿಷ" ಅನ್ನುತ್ತಾನೆ. ಅಚ್ಚ ಮಲೆನಾಡಿನ ಕನ್ನಡ. ಆಮೇಲೆ ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾನೆ. ಲೈವ್ ಶುರು. ಹುಡುಗನ ಗಂಟಲೇ ಬದಲು! "ಹಲೋ ಗಾಯ್ಸ್, ಕೈಸೇ ಹೋ ಆಪ್ ಲೋಗ್..."

ಅವನು ಆಡುವ ಆಟವನ್ನು ಆ ಹೊತ್ತಿಗೆ ನೋಡುತ್ತಿದ್ದವರು ಆರು ಮಂದಿ. ಯಾರ್‍ಯಾರಪ್ಪಾ ಇವರು ಎಂದು ಆಮೇಲೆ ಕೇಳಿದೆ. ಒಬ್ಬ ಆಲೂರಿನವನು, ಒಬ್ಬ ಮಗ್ಗೆಯವನು, ಇಬ್ಬರು ಸಕಲೇಶಪುರದಲ್ಲಿ ಜೊತೆಗೆ ಓದಿದವರು, ಒಬ್ಬ ಪೀಣ್ಯದಲ್ಲಿ ಕೆಲಸಕ್ಕಿರುವ ಚಿಕ್ಕಪ್ಪನ ಮಗ. ಆರನೆಯದು ಇವನದೇ ಮನೆಯ ಇನ್ನೊಂದು ಫೋನು! ಹಿಂದಿ ಮನೆಮಾತಿನವನು ಒಬ್ಬನೂ ಇಲ್ಲ. ಆದರೂ ಮಾತಾಡುವವನು ಹಿಂದಿ, ಕೆಳಗೆ ಚಾಟ್‌ನಲ್ಲಿ ಬರೆಯುವವರೂ ಹಿಂದಿ. ಐದು ಮಂದಿ ಕನ್ನಡಿಗರು ಆರನೆಯ ಕನ್ನಡಿಗನೊಡನೆ ತಪ್ಪು ತಪ್ಪು ಹಿಂದಿಯಲ್ಲಿ ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದಾರೆ!

ಗೆಳೆಯರೇ, ಈ ಹುಡುಗನ ಮೇಲೆ ಹಿಂದಿ ಹೇರಿದವರು ಯಾರು? ಯಾವ ಕೇಂದ್ರ ಮಂತ್ರಿ ಹೆತ್ತೂರಿಗೆ ಬಂದಿದ್ದ? ಯಾವ ಬ್ಯಾಂಕಿನ ಅಧಿಕಾರಿ ಇವನ ಕೈಗೆ ಹಿಂದಿ ಅರ್ಜಿ ಕೊಟ್ಟ? ಯಾವ ರೈಲ್ವೆ ಪರೀಕ್ಷೆ ಇಲ್ಲಿ ನಡೆಯುತ್ತಿತ್ತು? ಯಾರೂ ಇಲ್ಲ, ಯಾವುದೂ ಇಲ್ಲ. ಹೇರಿಕೆ ವಿರುದ್ಧ ಘೋಷಣೆ ಕೂಗಿ ಗಂಟಲು ಹರಿದುಕೊಂಡ ನಮಗೆ ಇದು ಹೊಸ ಪಾಠ. ಇಲ್ಲಿ ಹೇರಿಕೊಂಡವನು ನಮ್ಮವನೇ.

ನಾಮಫಲಕದ ಚಳುವಳಿ ನಿಮಗೆಲ್ಲ ನೆನಪಿದೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಉರುಳಿದವು, ಕಾರ್ಯಕರ್ತರು ಜೈಲಿಗೆ ಹೋದರು. ಬೋರ್ಡಿನ ಶೇಕಡಾ 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿ ಕಾನೂನು 2024ರಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ಪ್ರತಿರಾತ್ರಿ ನಿಮ್ಮ ಫೋನಿನಲ್ಲಿ ಸಾವಿರಾರು ಬೋರ್ಡುಗಳು ಬೆಳಗುತ್ತವಲ್ಲ, ಲೈವ್ ಚಾನೆಲ್‌ಗಳ ಶೀರ್ಷಿಕೆ, ಅವುಗಳ ಮಾಲೀಕರು ಮಾರ್ವಾಡಿಗಳೂ ಅಲ್ಲ, ಮಾಲ್ ಕಟ್ಟಿದವರೂ ಅಲ್ಲ. ನೀವೇ. ಆ ಬೋರ್ಡಿಗೆ ಮಸಿ ಬಳಿಯಲು ಯಾರನ್ನು ಕರೆಯೋಣ?

ಆಟ ಆಡುವುದು ಗೊತ್ತು, ಅದನ್ನು ಇನ್ನೊಬ್ಬರು ಕೂತು ನೋಡುವುದೇನು ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ಎರಡು ಮಾತು. ಹುಡುಗ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಆಡುತ್ತಾನೆ, ಆಡುತ್ತ ಮಾತಾಡುತ್ತಾನೆ. ಆ ಪರದೆ, ಆ ಮಾತು ಎರಡೂ ಅದೇ ಗಳಿಗೆಯಲ್ಲಿ ಲೋಕಕ್ಕೆಲ್ಲ ಕಾಣುತ್ತದೆ, ಕೇಳುತ್ತದೆ. ನೋಡುವವರು ಕೆಳಗೆ ಬರೆಯುತ್ತಾರೆ, ಇವನು ಉತ್ತರ ಕೊಡುತ್ತಾನೆ. 2011ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಟ್ವಿಚ್ ಎಂಬ ತಾಣ ಶುರುವಾಯಿತು. ಮೂರೇ ವರ್ಷಕ್ಕೆ, 2014ರಲ್ಲಿ, ಅಮೆಜಾನ್ ಕಂಪನಿ ಸುಮಾರು 97 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ನಮ್ಮಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು, 2020ರಲ್ಲಿ ಲಾಕ್‌ಡೌನ್ ಬಂತು. ಯೂಟ್ಯೂಬ್ ಇತ್ತೇ ಇತ್ತು, ಜೊತೆಗೆ ಲೋಕೋ, ರೂಟರ್‌ನಂಥ ದೇಶದ ಆ್ಯಪ್‌ಗಳೂ ಸದ್ದು ಮಾಡಿದವು. ಇವತ್ತು ಹಳ್ಳಿಯ ಹುಡುಗನಿಗೂ ಇದು ಸಂಜೆಯ ಅರಳಿಕಟ್ಟೆ. ಆ ಕಟ್ಟೆಯ ಭಾಷೆ ಯಾವುದು ಎಂಬುದು ನಮಗೆ ಚಿಲ್ಲರೆ ಪ್ರಶ್ನೆಯಾಗಲು ಸಾಧ್ಯವಿಲ್ಲ.

ತಪ್ಪು ನಮ್ಮದೂ ಇದೆ. ಚಳುವಳಿಯ ನಾವು ಮೊಬೈಲ್ ಆಟವೆಂದರೆ ಹಾಳು ಹವ್ಯಾಸ ಎಂದು ಬೈದು ಸುಮ್ಮನಾದೆವು. ಸಿನಿಮಾದ ಕನ್ನಡ ಕೇಳಿದೆವು, ಕೌಂಟರಿನ ಕನ್ನಡ ಕೇಳಿದೆವು. ಹುಡುಗರು ದಿನಕ್ಕೆ ಮೂರು ಗಂಟೆ ಬದುಕುವ ಜಾಗದ ಕನ್ನಡವನ್ನು ಮಾತ್ರ ಕೇಳಲಿಲ್ಲ. ನಾವು ಬಿಟ್ಟ ಜಾಗಕ್ಕೆ ಹಿಂದಿ ಬಂದು ಕೂತಿತು. ಖಾಲಿ ಕುರ್ಚಿಯಲ್ಲಿ ಕೂತವನನ್ನು ಆಕ್ರಮಣಕಾರ ಎನ್ನಲು ಬರುವುದಿಲ್ಲ.

ಹಿಂದಿಯಾದರೆ ವ್ಯೂಸ್ ಬರುತ್ತಂತೆ!

ಹುಡುಗನನ್ನು ಕೇಳಿದೆ: ಯಾಕಪ್ಪಾ ಹಿಂದಿ? "ಹಿಂದಿ ಆದ್ರೆ ವ್ಯೂಸ್ ಬರುತ್ತೆ ಸರ್." ಎಷ್ಟು ಬಂದಿದೆ? "ಆರು."

ನಗಬೇಡಿ. ಇದರಲ್ಲಿ ಒಂದು ಲೆಕ್ಕವಿದೆ. ಹಿಂದಿಯಲ್ಲಿ ಆಡುವವರು ದೆಹಲಿ, ಮುಂಬಯಿ, ಲಖನೌಗಳಲ್ಲಿ ಸಾವಿರ ಸಾವಿರ ಮಂದಿ ಇದ್ದಾರೆ. ಅವರದು ತಾಯಿಯ ಭಾಷೆ, ಮಾತಿಗೆ ಮಾತು ಪುಟಿಯುತ್ತದೆ. ಆ ಸಂತೆಯಲ್ಲಿ ಹೆತ್ತೂರಿನ ಹುಡುಗ ತಡವರಿಸುವ ಹಿಂದಿ ಇಟ್ಟುಕೊಂಡು ಹೋದರೆ ಯಾರು ನಿಲ್ಲುತ್ತಾರೆ? 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರೇ 4 ಕೋಟಿ 37 ಲಕ್ಷ. ಈ ಸಂತೆಯಲ್ಲಿ ಅಂಗಡಿಗಳು ಇನ್ನೂ ಕಡಿಮೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಜಾಗ ಇಲ್ಲಿದೆ. ಇನ್ನೊಂದು ಮಾತು: ಲೈವ್‌ನಲ್ಲಿ ಆಟ ಅರ್ಧ, ಮಾತು ಅರ್ಧ. ಮಾತೇ ಬಾರದ ಭಾಷೆಯಲ್ಲಿ ಕೂತರೆ ನಿಮ್ಮ ಅರ್ಧ ಬಂಡವಾಳ ಮೊದಲ ದಿನವೇ ಮುಳುಗಿತು.

ಮಾತಿನ ಮೇಲೆ ಜನರನ್ನು ಹಿಡಿದು ಕೂರಿಸುವುದು ನಮಗೆ ಹೊಸತೇ? ತಾಳಮದ್ದಳೆ ಕೇಳಿದ್ದೀರಾ? ವೇಷವಿಲ್ಲ, ಕುಣಿತವಿಲ್ಲ. ನಾಲ್ಕು ಜನ ಕೂತು, ಬರೆದಿಟ್ಟ ಮಾತಿಲ್ಲದೆ, ಆ ಕ್ಷಣಕ್ಕೆ ಹುಟ್ಟಿದ ಮಾತಿನಿಂದಲೇ ರಾತ್ರಿಯಿಡೀ ಜನರನ್ನು ಕದಲದಂತೆ ಮಾಡುತ್ತಾರೆ. ಎದುರಾಳಿ ಒಂದು ಎಸೆದರೆ ಇವನು ಎರಡು ಎಸೆಯುತ್ತಾನೆ. ಘಟ್ಟದ ಮೇಲೂ ಕೆಳಗೂ ಇದನ್ನು ಕೇಳುತ್ತ ಬೆಳೆದ ಜನ ನಾವು. ಅಂಥ ಮಣ್ಣಿನ ಹುಡುಗ ಲೈವ್‌ಗೆ ಕೂತು "ಗಾಯ್ಸ್, ಗಾಯ್ಸ್" ಎಂದು ನೂರು ಸಲ ಹೇಳುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಕನ್ನಡದಲ್ಲಿ ಕ್ರಿಕೆಟ್ ನೋಡುವವರು ಯಾರು ಎಂಬ ಕುಹಕ ಇತ್ತು. 2018ರ ಕೊನೆಗೆ ಕ್ರೀಡೆಗೆಂದೇ ಒಂದು ಕನ್ನಡ ಚಾನೆಲ್ ಬಂತು, ಸ್ಟಾರ್ ಸ್ಪೋರ್ಟ್ಸ್ ಕನ್ನಡ. ಈಗ ಹಾಸನದ ಹೋಟೆಲಿನಲ್ಲಿ ಕಬಡ್ಡಿ, ಕ್ರಿಕೆಟ್ ಎರಡೂ ಕನ್ನಡದಲ್ಲಿ ಕೇಳುತ್ತವೆ. ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ ಎಂಬ ಕುಹಕವೂ ಇತ್ತು. ಸಕಲೇಶಪುರದ ಪಕ್ಕದ ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬಡಿದಾಡಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದೇ ಹುಚ್ಚು. ಇವತ್ತು ನಿಮ್ಮ ಫೋನಿನಲ್ಲಿ ಕನ್ನಡ ಅಕ್ಷರ ಮೂಡುತ್ತಿದ್ದರೆ ಅಂಥ ಹುಚ್ಚರ ಪುಣ್ಯ. ಆಟದ ಲೋಕದಲ್ಲೂ ಅಂಥವರಿದ್ದಾರೆ: ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದು ನೋಡಿ, ಕನ್ನಡ ಇದೆ. ಸ್ವಯಂಸೇವಕರು ಸಂಬಳವಿಲ್ಲದೆ ಕೂತು ಮಾಡಿದ ಅನುವಾದ. ಎಷ್ಟು ಮಂದಿ ಅದನ್ನು ಹಾಕಿಕೊಂಡು ಆಡುತ್ತೀರಿ?

ಶುರು ಮಾಡುವುದು ಹೇಗೆ

ಭಾಷಣ ಸಾಕು, ದಾರಿ ಹೇಳಿ ಅನ್ನುತ್ತೀರಿ. ಹೇಳುತ್ತೇನೆ.

ಯೂಟ್ಯೂಬಿನಿಂದ ಶುರು ಮಾಡಿ. ಜನ ಅಲ್ಲಿದ್ದಾರೆ, ಕನ್ನಡದ ಮೆನುವೂ ಇದೆ. ಚಾನೆಲ್ ತೆರೆದು ಫೋನ್ ನಂಬರ್ ಖಚಿತಪಡಿಸಿದ ಮೇಲೆ ಲೈವ್ ಸೌಲಭ್ಯ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು. ಆದ್ದರಿಂದ ಭಾನುವಾರ ಆಡಬೇಕಾದರೆ ಶುಕ್ರವಾರವೇ ಕೇಳಿಕೊಳ್ಳಿ. ಫೋನಿನಿಂದ ನೇರ ಲೈವ್ ಹೋಗಲು ಕನಿಷ್ಠ 50 ಚಂದಾದಾರರು ಬೇಕು. ಕಂಪ್ಯೂಟರಿನಿಂದ ಹೋದರೆ ಆ ಕಟ್ಟುಪಾಡಿಲ್ಲ. ಕಂಪ್ಯೂಟರಿಗೆ ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಇದೆ, ಪೂರ್ತಿ ಪುಕ್ಕಟೆ. 2025ರ ಜುಲೈ 22ರಿಂದ, ಹದಿನಾರು ತುಂಬದವರು ಒಬ್ಬರೇ ಲೈವ್ ಮಾಡುವಂತಿಲ್ಲ ಎಂಬ ನಿಯಮ ಬಂದಿದೆ. ಹೈಸ್ಕೂಲಿನ ಹುಡುಗರು ಅಣ್ಣನ ಹೆಸರಿನಲ್ಲಿ ಕಳ್ಳದಾರಿ ಹುಡುಕುವುದು ಬೇಡ. ಎರಡು ವರ್ಷ ಕಾಯಿರಿ, ಆಟ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊದಲ ಲೈವ್ ಅನ್ನು ಲೋಕಕ್ಕೆ ತೋರಿಸಬೇಡಿ. ಅನ್‌ಲಿಸ್ಟೆಡ್ ಎಂದು ಇಟ್ಟು, ಲಿಂಕನ್ನು ಒಬ್ಬ ಗೆಳೆಯನಿಗೆ ಮಾತ್ರ ಕಳಿಸಿ ಪರೀಕ್ಷೆ ಮಾಡಿ. ದನಿ ಕೇಳುತ್ತದೆಯೇ, ಪರದೆ ತಡವರಿಸುತ್ತದೆಯೇ, ಮನೆಯ ವಿಳಾಸವೋ ಬ್ಯಾಂಕಿನ ಸಂದೇಶವೋ ಪರದೆ ಮೇಲೆ ಇಣುಕುತ್ತದೆಯೇ ನೋಡಿಕೊಳ್ಳಿ. ಲೈವ್ ಹೊತ್ತಿನಲ್ಲಿ ಫೋನಿನ ನೋಟಿಫಿಕೇಶನ್ ಆರಿಸಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಎದ್ದು ಹೋಗುತ್ತಾರೆ. ದುಡ್ಡಿದ್ದರೆ ಮೊದಲ ದುಡ್ಡು ಮೈಕಿಗೆ ಹಾಕಿ, ಬಣ್ಣದ ದೀಪಕ್ಕಲ್ಲ.

ಇನ್ನು ಬೋರ್ಡು. ಶೀರ್ಷಿಕೆ ಕನ್ನಡ ಅಕ್ಷರದಲ್ಲಿರಲಿ. ಜೊತೆಗೆ ಕನ್ನಡ ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಹುಡುಕುವ ಹಲವರು ಹಾಗೇ ಹುಡುಕುತ್ತಾರೆ. ವಿಡಿಯೋದ ಭಾಷೆ ಯಾವುದು ಎಂದು ಕೇಳುವ ಒಂದು ಮೂಲೆ ವಿವರಗಳಲ್ಲಿದೆ. ಅಲ್ಲಿ ಕನ್ನಡ ಆರಿಸಿ. ಇದನ್ನು ಎಷ್ಟೋ ಮಂದಿ ಖಾಲಿ ಬಿಡುತ್ತಾರೆ. ನೀವು ಹೇಳದಿದ್ದರೆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು, ಇದು ಕನ್ನಡದ ಚಾನೆಲ್ ಎಂದು? ಹಿಂದೆ ಜನಗಣತಿಯವನು ಮನೆಗೆ ಬಂದಾಗ ತಾಯ್ನುಡಿಯ ಕಾಲಂನಲ್ಲಿ ಕನ್ನಡ ಎಂದು ಬರೆಸಿ ಎಂದು ನಾವು ಬೀದಿ ಬೀದಿ ಸಾರುತ್ತಿದ್ದೆವು. ಇದೂ ಒಂದು ಜನಗಣತಿಯೇ. ಇದು ಪ್ರತಿದಿನ ನಡೆಯುತ್ತದೆ, ಪ್ರತಿದಿನ ನಾವು ಗೈರುಹಾಜರು.

ದನಿ ಗುಡ್ಡದ್ದು, ಪರದೆ ಪೇಟೆಯದು

ಈಗ ನಿಜವಾದ ತೊಡಕಿಗೆ ಬರೋಣ. ಬೆಂಗಳೂರಿನ ಗೆಳೆಯರೇ, ನಿಮಗೆ ಮನೆಬಾಗಿಲಿಗೆ ಫೈಬರ್ ಇದೆ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಪರಿಸ್ಥಿತಿ ಬೇರೆ. ಆಟ ಆಡಲು ಗಂಟೆಗೆ ಹತ್ತಾರು ಎಂಬಿ ಸಾಕು, ಅಷ್ಟು ಎಲ್ಲೆಲ್ಲೋ ಸಿಗುತ್ತದೆ. ಲೈವ್ ಎಂದರೆ ಚಿತ್ರವನ್ನು ಮೇಲಕ್ಕೆ ಕಳಿಸಬೇಕು. ಮೊಬೈಲ್ ಜಾಲ ಕೆಳಗಿಳಿಸುವುದಕ್ಕೆ ಕೊಡುವ ದಾರಿ ಅಗಲ, ಮೇಲೇರಿಸುವುದಕ್ಕೆ ಕೊಡುವ ದಾರಿ ಕಾಲುದಾರಿ. ಲೆಕ್ಕ ಹೀಗಿದೆ: 720ಪಿ ಚಿತ್ರಕ್ಕೆ ಸೆಕೆಂಡಿಗೆ 4 ಎಂಬಿಪಿಎಸ್ ಹಿಡಿದರೆ ಗಂಟೆಗೆ 1.8 ಜಿಬಿ ಹೋಯಿತು. 480ಪಿಗೆ ಇಳಿಸಿ 1.5 ಎಂಬಿಪಿಎಸ್‌ನಲ್ಲಿ ಕಳಿಸಿದರೆ ಗಂಟೆಗೆ ಸುಮಾರು 675 ಎಂಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇರುವ ಹುಡುಗ ಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಅದೂ ಸಿಗ್ನಲ್ ನಿಂತರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕಣ್ಣು ಮುಚ್ಚುತ್ತದೆ.

ಹಾಗಾದರೆ ಗುಡ್ಡದ ಹುಡುಗ ಬಾಯಿ ಮುಚ್ಚಿ ಕೂರಬೇಕೆ? ಬೇಡ. ಒಂದು ಉಪಾಯವಿದೆ, ಅದಕ್ಕೆ ನೀವು ಬೇಕು. ಚಿತ್ರ ಭಾರ, ದನಿ ಹಗುರ. ಡಿಸ್ಕಾರ್ಡ್‌ನಂಥ ಆ್ಯಪ್‌ನಲ್ಲಿ ಬರೀ ದನಿ ಕಳಿಸಲು 64 ಕೆಬಿಪಿಎಸ್ ಸಾಕು, ಗಂಟೆಗೆ 30 ಎಂಬಿಯೂ ಆಗುವುದಿಲ್ಲ. ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆಯ ಹುಡುಗರು ಮೂವರು, ಬೆಂಗಳೂರಿನ ನೀವು ಒಬ್ಬರು, ನಾಲ್ವರ ಒಂದು ತಂಡ ಕಟ್ಟಿ. ಅವರು ಆಡುತ್ತ ಡಿಸ್ಕಾರ್ಡ್‌ನಲ್ಲಿ ಮಾತಾಡಲಿ. ಆಟದೊಳಗಿನ ಮೈಕ್ ಆರಿಸಿಡಲಿ, ಇಲ್ಲದಿದ್ದರೆ ದನಿ ಎರಡೆರಡಾಗಿ ಕೇಳುತ್ತದೆ. ನಿಮ್ಮ ಕಂಪ್ಯೂಟರಿನ ಒಬಿಎಸ್ ನಿಮ್ಮ ಪರದೆಯನ್ನೂ ಆ ಮೂವರ ದನಿಯನ್ನೂ ಸೇರಿಸಿ ಲೈವ್ ಕಳಿಸಲಿ. ಪರದೆ ನಿಮ್ಮದು, ಫೈಬರ್ ನಿಮ್ಮದು, ದನಿ ಗುಡ್ಡದ್ದು. ಬೆಂಗಳೂರಿನಲ್ಲಿ ತುಟಿಯಂಚಿಗೆ ಬಂದು ಸತ್ತ ಎಷ್ಟೋ ಕನ್ನಡ ಪದಗಳು ಆ ದನಿಯಲ್ಲಿ ಇನ್ನೂ ಬದುಕಿವೆ. ಒಂದು ಷರತ್ತು: ಹಣ ಬಂದರೆ ನಾಲ್ಕು ಪಾಲು. ಯೂಟ್ಯೂಬಿನ ಸೂಪರ್‌ಚಾಟ್‌ನಲ್ಲಿ ನೂರಕ್ಕೆ 70 ಚಾನೆಲಿಗೆ ಸಿಗುತ್ತದೆ. ಚಾನೆಲ್ ನನ್ನ ಹೆಸರಲ್ಲಿದೆ ಎಂದು ಪೇಟೆಯವನು ಅಷ್ಟನ್ನೂ ನುಂಗಿದರೆ, ಹಳ್ಳಿಯ ಕಾಫಿಯನ್ನು ಪೇಟೆಯ ದಲ್ಲಾಳಿ ನುಂಗಿದ ಕಥೆಯೇ ಮತ್ತೆ ನಡೆಯುತ್ತದೆ.

ಟವರು ಕೇಳುವುದೂ ಕನ್ನಡದ ಕೆಲಸ

ಸಿಗ್ನಲ್ ಹುಡುಕಿಕೊಂಡು ಸಂಜೆ ಗುಡ್ಡದ ನೆತ್ತಿಗೆ ಹೋಗುವ ಹುಡುಗರಿದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ: ಬೇಡ. ಇದು ಕಾಡಾನೆಗಳ ಸೀಮೆ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಯಸಳೂರು ವಲಯದಲ್ಲಿ, ಕಾಡಾನೆಯೊಂದರ ತಿವಿತಕ್ಕೆ. ಅಂಥ ಆನೆಯೇ ಉಳಿಯಲಿಲ್ಲ, ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೂತ ಹುಡುಗ ಉಳಿಯುತ್ತಾನೆಯೇ? ಯಾವ ವ್ಯೂಸೂ ಜೀವಕ್ಕಿಂತ ದೊಡ್ಡದಲ್ಲ.

ಇನ್ನೊಂದು ಮಾತು ಗಮನಿಸಿ. ಆನೆ ಬಂದಿದೆ, ಈ ದಾರಿಯಲ್ಲಿ ಬರಬೇಡಿ ಎಂಬ ಎಚ್ಚರಿಕೆ ಈ ಭಾಗದ ಫೋನುಗಳಿಗೆ ಬರುವುದು ಕನ್ನಡದಲ್ಲಿ. ಯಾಕೆ? ಜೀವದ ಪ್ರಶ್ನೆ ಬಂದಾಗ ಜನರಿಗೆ ತಟ್ಟನೆ ತಾಗುವ ಭಾಷೆಯೇ ಬೇಕು. ಜೀವ ಉಳಿಸಲು ಬೇಕಾದ ಭಾಷೆ, ಅದೇ ಫೋನಿನಲ್ಲಿ ನಗಲು, ಆಡಲು ಬೇಡವಾಯಿತೇ?

ಸಿಗ್ನಲ್ ಮನೆಗೆ ಬರಬೇಕು, ಮಕ್ಕಳು ಸಿಗ್ನಲಿನ ಬಳಿ ಹೋಗುವಂತಾಗಬಾರದು. ಜಾಲ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಬಿಎಸ್‌ಎನ್‌ಎಲ್ ಕೈಗೆ ಕೆಲಸ ಬಂತು. ಆ ಪಟ್ಟಿಯಲ್ಲಿ ನಮ್ಮ ಎಷ್ಟು ಹಳ್ಳಿಗಳಿವೆ, ಎಷ್ಟು ಟವರು ನಿಂತಿವೆ, ನಿಂತದ್ದರಲ್ಲಿ ಎಷ್ಟು ಮಳೆಗಾಲದಲ್ಲೂ ಉಸಿರಾಡುತ್ತವೆ ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಖರ್ಚು ಹತ್ತು ರೂಪಾಯಿ. ಪಂಚಾಯಿತಿಯ ಅರಿವು ಕೇಂದ್ರಕ್ಕೆ ಇಂಟರ್‌ನೆಟ್ ಬಂದಿದೆಯೇ, ಬಂದಿದ್ದರೆ ಓಡುತ್ತದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬಿಸಿಲೆ ರಸ್ತೆಯ ಹೋಂಸ್ಟೇಗಳು ಬೆಂಗಳೂರಿನ ಅತಿಥಿಗಳಿಗೆ ವೈಫೈ ಉಂಟು ಎಂದು ಬೋರ್ಡು ಹಾಕುತ್ತವೆ. ಅದೇ ಊರಿನ ವಿದ್ಯಾರ್ಥಿ ಜಗಲಿಯ ಮೂಲೆ ಹುಡುಕುತ್ತಾನೆ. ಕನ್ನಡ ಚೆನ್ನಾಗಿ ಬಲ್ಲವನಿಗೆ ಜಾಲವಿಲ್ಲ, ಜಾಲ ಇರುವವನಿಗೆ ಕನ್ನಡ ಬೇಡ. ಹೀಗಾದರೆ ನಾಳೆಯ ಕನ್ನಡ ಯಾರ ಬಾಯಲ್ಲಿ ಉಳಿದೀತು? ಆದ್ದರಿಂದ ಯಸಳೂರಿಗೆ ಟವರು ಕೇಳುವುದೂ ಕನ್ನಡ ಚಳುವಳಿಯೇ. ನಮ್ಮ ಸಂಘಟನೆಗಳು ಮುಂದಿನ ಮನವಿ ಪತ್ರದಲ್ಲಿ ಇದನ್ನೂ ಬರೆಯಲಿ.

ದರೆ, ದಿಬ್ಬ, ತೋಡು

"ಸರ್, ಗೇಮಿಂಗ್ ಭಾಷೆ ಕನ್ನಡದಲ್ಲಿ ಇಲ್ಲ" ಅನ್ನುತ್ತಾರೆ. ಯಾರಯ್ಯಾ ಹೇಳಿದವರು? ಈ ಆಟಗಳಲ್ಲಿ ಇರುವುದೇನು? ಗುಡ್ಡ, ಕಣಿವೆ, ಹೊಳೆ, ಕಾಡು, ಮನೆ, ಅಡಗಿ ಕೂತ ಶತ್ರು. ನೆಲದ ಏರಿಳಿತಕ್ಕೆ ಮಲೆನಾಡಿಗನಷ್ಟು ಪದ ಯಾರಲ್ಲಿವೆ? ದರೆ, ದಿಬ್ಬ, ತೋಡು, ಹಳ್ಳ, ಕಣಿವೆ, ನೆತ್ತಿ, ತಪ್ಪಲು. "ದರೆ ಹಿಂದೆ ಇಬ್ರು, ತೋಡು ದಾಟ್ಕೊಂಡು ಬರ್ತಾವ್ರೆ, ಎಡಕ್ಕೆ ಸರಿ" ಎಂದು ಹೇಳಿ ನೋಡಿ. ಕೇಳಿದವನು ಅರೆಕ್ಷಣದಲ್ಲಿ ತಿರುಗುತ್ತಾನೆ. ಆಟದಲ್ಲಿ ಸಾವು ಬದುಕು ಅರೆಕ್ಷಣದಲ್ಲೇ ಇರುವುದು.

ಎಲ್ಲವನ್ನೂ ಸಂಸ್ಕೃತದ ಮೂಸೆಗೆ ಹಾಕಿ ಶಿರೋವೇಧ, ಸಮರಾಂಗಣ ಎಂದೆಲ್ಲ ಮಾಡಬೇಕಿಲ್ಲ. ಹೆಡ್‌ಶಾಟ್ ಹೆಡ್‌ಶಾಟೇ ಇರಲಿ, ಬಸ್ಸು ಬಸ್ಸೇ ಆಗಿ ಉಳಿದಂತೆ. ಆದರೆ ಲೂಟ್ ಎಂಬ ಮಾತು ಇಂಗ್ಲಿಷಿಗೆ ಹೋದದ್ದೇ ನಮ್ಮ ದೇಶದಿಂದ. ಲೂಟಿ ಅನ್ನಲು ನಾಚಿಕೆ ಯಾಕೆ? ವಾಕ್ಯ ಕನ್ನಡದ್ದಾಗಿರಲಿ, ಕ್ರಿಯಾಪದ ಕನ್ನಡದ್ದಾಗಿರಲಿ, ಬಂದ ಪದಗಳು ನಮ್ಮ ಮನೆಯ ನೆಂಟರಾಗಿ ಇರಲಿ. ಸಕಲೇಶಪುರದವನು ಸಕಲೇಶಪುರದ ಕನ್ನಡ ಮಾತಾಡಲಿ, ಧಾರವಾಡದವನು ಧಾರವಾಡದ್ದು. ಇಲ್ಲಿ ಮನೆಯಲ್ಲಿ ತುಳು, ಬ್ಯಾರಿ, ತಮಿಳು ಆಡುವ ಹುಡುಗರೂ ಇದ್ದಾರೆ. ಅಂಗಳದಲ್ಲಿ ಅವರು ಇವತ್ತಿಗೂ ಕನ್ನಡದಲ್ಲೇ ಕಲೆತು ಆಡುತ್ತಾರೆ. ಅಂಗಳಕ್ಕೆ ಬಂದ ಕನ್ನಡ ಪರದೆಗೆ ಬರಲಾರದೇ?

ಇದೇ ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರ ಹೊತ್ತಿಗೆ ಯಾರೋ ಒಬ್ಬ ಕಲ್ಲಿನ ಮೇಲೆ ಹದಿನಾರು ಸಾಲು ಕನ್ನಡ ಕೆತ್ತಿಸಿದ. ಅವತ್ತಿಗೆ ದೊಡ್ಡವರ ಭಾಷೆ ಸಂಸ್ಕೃತ, ಪ್ರಾಕೃತ. ಕನ್ನಡದಲ್ಲಿ ಕೆತ್ತಿಸಿದರೆ ವ್ಯೂಸ್ ಬರುತ್ತದೆಯೇ ಎಂದು ಅವನು ಕೇಳಿದ್ದರೆ ಇವತ್ತು ನಮ್ಮ ಕೈಯಲ್ಲಿ ಆ ಕಲ್ಲು ಇರುತ್ತಿತ್ತೇ?

ಮೂರು ಎಚ್ಚರಿಕೆ

ಮೊದಲನೆಯದು ಜೂಜು. ಚಾನೆಲ್ ಸ್ವಲ್ಪ ಬೆಳೆದ ಕೂಡಲೇ ರಮ್ಮಿಯವರು, ಬೆಟ್ಟಿಂಗ್‌ನವರು ಹಣದ ಚೀಲ ಹಿಡಿದು ಬರುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಒಪ್ಪಿತು. ಅದು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ ಕಾಯ್ದೆ. ಅಂಥ ಆಟದ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಕನ್ನಡದ ಚಾನೆಲ್ ಕನ್ನಡದ ಮನೆಗಳನ್ನೇ ಹಾಳು ಮಾಡುವ ಕೊಡಲಿಯ ಕಾವು ಆಗಬಾರದು.

ಎರಡನೆಯದು ಬೈಗುಳ. ಕನ್ನಡವೆಂದರೆ ತಾಯಿ, ತಂಗಿ, ಜಾತಿ ಹಿಡಿದು ಬೈಯುವ ಭಾಷೆ ಎಂದು ಕೆಲವರು ತಿಳಿದಂತಿದೆ. ಚಾಟ್‌ಗೆ ಇಬ್ಬರು ಕಾವಲುಗಾರರನ್ನು ಇಡಿ, ಬೈದವನನ್ನು ಹೊರಗೆ ಹಾಕಿ, ಅವನು ಎಷ್ಟೇ ದೊಡ್ಡ ಕನ್ನಡಾಭಿಮಾನಿಯಾಗಿರಲಿ. ಹೆಣ್ಣುಮಕ್ಕಳೂ ಆಡುತ್ತಾರೆ, ದನಿ ಕೇಳಿದ ಕೂಡಲೇ ಕೊಳಕು ಮಾತು ಬರುತ್ತದೆಂದು ಮೈಕ್ ಆರಿಸಿ ಆಡುತ್ತಾರೆ. ಅವರು ಮೈಕ್ ಹಾಕಿ ಆಡುವಂಥ ಜಾಗ ಕನ್ನಡದ ಜಾಗವಾಗಲಿ. ಹಿಂದಿಯವನು ಬಂದರೂ ಬೈಯಬೇಡಿ, ಕನ್ನಡದಲ್ಲಿ ಸ್ವಾಗತಿಸಿ. ಅಸ್ಸಾಮಿನಿಂದ ಬಂದು ಕಾಫಿ ತೋಟದ ಲೈನಿನಲ್ಲಿರುವ ಹುಡುಗ ವರ್ಷದೊಳಗೆ ಕನ್ನಡ ಕಲಿಯುತ್ತಾನೆ, ನಾವು ಕನ್ನಡದಲ್ಲಿ ಮಾತಾಡಿಸಿದರೆ.

ಮೂರನೆಯದು ನಂಬಿಕೆ. ಟಿಕ್‌ಟಾಕ್ 2020ರ ಜೂನಿನಲ್ಲಿ ಒಂದೇ ರಾತ್ರಿಯಲ್ಲಿ ಹೋಯಿತು. ಪಬ್‌ಜಿ ಅದೇ ಸೆಪ್ಟೆಂಬರಿನಲ್ಲಿ ಹೋಗಿ, 2021ರ ಜುಲೈಯಲ್ಲಿ ಬಿಜಿಎಂಐ ಎಂದು ಹೆಸರು ಬದಲಿಸಿ ಬಂದು, 2022ರ ಜುಲೈಯಲ್ಲಿ ಮತ್ತೆ ಮಾಯವಾಗಿ, 2023ರ ಮೇನಲ್ಲಿ ಮತ್ತೆ ಬಂತು. ಬೆಂಗಳೂರಿನಲ್ಲೇ ಹುಟ್ಟಿ ಮೊದಲು ಕನ್ನಡದಲ್ಲೇ ಮಾತಾಡಿದ ಕೂ ಆ್ಯಪ್ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಆಟವನ್ನು ನಂಬಿ ಚಾನೆಲ್ ಕಟ್ಟಿದವನು ಆಟದೊಡನೆ ಮುಳುಗುತ್ತಾನೆ. ನಿಮ್ಮ ಮಾತಿಗಾಗಿ ಬಂದವನು ಮಾತ್ರ ಆಟ ಬದಲಾದರೂ, ಆ್ಯಪ್ ಬದಲಾದರೂ ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಓದು, ಪರೀಕ್ಷೆ, ತೋಟದ ಕೆಲಸ ಬಿಟ್ಟು ಇದೊಂದನ್ನೇ ನಂಬಿ ಕೂರಬೇಡಿ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಿನಕ್ಕೆ ಎರಡು ಗಂಟೆ, ಗೊತ್ತಾದ ಹೊತ್ತು, ಅಷ್ಟು ಸಾಕು.

ಹೆತ್ತೂರಿನ ಹುಡುಗನಿಗೆ ಹೇಳಿದೆ: ನಾಳೆ ಒಂದೇ ಒಂದು ದಿನ ಕನ್ನಡದಲ್ಲಿ ಮಾತಾಡು, ಆಗದಿದ್ದರೆ ಬಿಡು. ಅರೆಮನಸ್ಸಿನಿಂದ ಒಪ್ಪಿದ. ಮಾರನೆಯ ಸಂಜೆ ಗುಂಡಿ ಒತ್ತಿ ಒಂದು ನಿಮಿಷ ಸುಮ್ಮನೆ ಕೂತ. ತನ್ನ ಭಾಷೆಯಲ್ಲಿ ಲೋಕಕ್ಕೆ ಏನು ಹೇಳಬೇಕೆಂದೇ ಅವನಿಗೆ ತೋಚಲಿಲ್ಲ. ಆಮೇಲೆ ಹೇಳಿದ: "ನಮಸ್ಕಾರ, ಹೆತ್ತೂರಿಂದ ಮಾತಾಡ್ತಾ ಇದೀನಿ, ಮಳೆ ಜೋರಾಗಿದೆ, ಸಿಗ್ನಲ್ ಹೋದ್ರೆ ಬೈಬೇಡಿ." ಹತ್ತು ನಿಮಿಷಕ್ಕೆ ಮಾತು ತಾನಾಗಿ ಹರಿಯಿತು. ನೋಡುವವರು ಆರಿದ್ದದ್ದು ಒಂಬತ್ತಾದರು. ಅದೇನೂ ದೊಡ್ಡದಲ್ಲ. ಆದರೆ ಒಳಗಿನಿಂದ ಅವನ ತಾಯಿ ಬಂದು ಬಾಗಿಲಲ್ಲಿ ನಿಂತರು. ಮಗ ದಿನವೂ ಯಾರೊಡನೆ ಏನು ಮಾತಾಡುತ್ತಾನೆಂದು ಅವರಿಗೆ ಅವತ್ತೇ ಮೊದಲ ಸಲ ಅರ್ಥವಾದದ್ದು. ಒಂದು ಮಾತಿಗೆ ನಕ್ಕರು. ಊಟಕ್ಕೆ ಕೂಗಲಿಲ್ಲ.

ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಗೆಳೆಯರೇ, ಇವತ್ತು ರಾತ್ರಿ ಮಾಡಬೇಕಾದ್ದು ಇಷ್ಟೇ. ನಿಮ್ಮ ಚಾನೆಲ್ ಇದ್ದರೆ ಅದರ ಶೀರ್ಷಿಕೆಯನ್ನು ಕನ್ನಡಕ್ಕೆ ತನ್ನಿ, ಭಾಷೆಯ ಕಾಲಂ ತುಂಬಿ. ಇಲ್ಲದಿದ್ದರೆ ನಾಲ್ಕು ಜನ ನೋಡುತ್ತಿರುವ ಒಂದು ಕನ್ನಡ ಲೈವ್ ಹುಡುಕಿ, ಐದನೆಯವರಾಗಿ ಕೂತು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ನಿಮ್ಮ ಊರಿನಿಂದ ಫೈಬರ್ ಇಲ್ಲದ ಒಬ್ಬನನ್ನು ನಿಮ್ಮ ತಂಡಕ್ಕೆ ಕರೆಯಿರಿ. ಇದಕ್ಕೆ ಮೆರವಣಿಗೆ ಬೇಡ, ಪೊಲೀಸರ ಅನುಮತಿ ಬೇಡ, ಮಂತ್ರಿಯ ಆಶ್ವಾಸನೆ ಬೇಡ. ಬೋರ್ಡು ನಿಮ್ಮದು, ಬಣ್ಣ ನಿಮ್ಮದು, ಕುಂಚ ನಿಮ್ಮ ಕೈಯಲ್ಲೇ ಇದೆ. ಬರೆಯಿರಿ!